ಆರು ಇಂಚು ನಲವತ್ತು ಸೆಂಟು

ಮಡಿಕೇರಿಯಲ್ಲಿ ನಮ್ಮದು ಹತ್ತು ಸೆಂಟು ಜಾಗ. ಅದರೊಳಗೆ ಒಂದು ಹೆಂಚಿನ ಮನೆ, ಒಂದು ಹಲಸಿನ ಮರ, ಎರಡು ಸಿಲ್ವರ್ ಓಕ್, ಬೇಲಿ ಬದಿಗೆ ಹೆಸರಿಗೆಂದು ಹದಿನಾಲ್ಕು ಕಾಫಿ ಗಿಡ. ಕೊಡಗಿನಲ್ಲಿ ಜಾಗವನ್ನು ಅಳೆಯುವುದೂ ಸೆಂಟಿನಲ್ಲಿ, ಮಳೆಯನ್ನು ಅಳೆಯುವುದೂ ಸೆಂಟಿನಲ್ಲಿ. ಎಕರೆಯ ನೂರನೇ ಒಂದು ಪಾಲು ಜಾಗದ ಸೆಂಟು, ಇಂಚಿನ ನೂರನೇ ಒಂದು ಪಾಲು ಮಳೆಯ ಸೆಂಟು. ಮೊದಲನೆಯದು ನನಗೆ ಹತ್ತರ ಮೇಲೆ ದಕ್ಕುವ ಲಕ್ಷಣವಿಲ್ಲ. ಎರಡನೆಯದಾದರೂ ಧಾರಾಳವಾಗಿರಲಿ ಎಂದು ಆಸೆಪಟ್ಟಿದ್ದೇ ತಪ್ಪಾಯಿತು.

ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವ. ಬರುವವರೆಲ್ಲ ತೋಟದವರು. ಬೇರೆ ಊರುಗಳಲ್ಲಿ ಎದುರಿಗೆ ಸಿಕ್ಕವರನ್ನು ಊಟ ಆಯ್ತಾ ಎನ್ನುತ್ತಾರಂತೆ. ನಮ್ಮ ಕೌಂಟರಿನಲ್ಲಿ ಫೆಬ್ರವರಿ ಕಳೆಯಿತೆಂದರೆ ಒಂದೇ ಪ್ರಶ್ನೆ: "ನಿಮ್ಮಲ್ಲಿ ಎಷ್ಟಾಯ್ತು?" ಹೂಮಳೆಯ ಕಾಲ ಅದು. ರೊಬಸ್ಟಾ ಗಿಡಕ್ಕೆ ಒಮ್ಮೆ ಇಂಚಿನಷ್ಟು ಹದವಾಗಿ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗಿ ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದೆ. ಕಡಿಮೆ ಬಿದ್ದರೆ ಮೊಗ್ಗು ಅರ್ಧಕ್ಕೇ ನಿಂತು ಯಜಮಾನನ ಮುಖವನ್ನೇ ನೋಡುತ್ತದೆ. ಹಾಗಾಗಿ ಅಲ್ಲಿ ಬೀಳುವ ಒಂದೊಂದು ಸೆಂಟಿಗೂ ಮಾತಿದೆ. "ನಮ್ಮಲ್ಲಿ ಒಂದು ಇಂಚು ಇಪ್ಪತ್ತು." "ಹೌದಾ? ನಮ್ಮಲ್ಲಿ ಎಂಬತ್ತೇ ಮಾರಾಯ, ಬೇಲಿಯಾಚೆ ಜೋರು ಹೊಡೆದಿದೆ." ಹೀಗೆ ಮಾತು ಸುತ್ತಿ ಸುತ್ತಿ ಕಡೆಗೆ ನನ್ನ ಹತ್ತಿರ ಬರುತ್ತಿತ್ತು. ಮಡಿಕೇರಿಯಲ್ಲಿ ಎಷ್ಟು? ನಾನು "ಚೆನ್ನಾಗಿ ಬಂತು" ಎನ್ನುತ್ತಿದ್ದೆ. ಚೆನ್ನಾಗಿ ಎಂದರೆ ಎಷ್ಟು ಸೆಂಟು? ಎಲ್ಲರೂ ಪಾಸ್‌ಬುಕ್ಕಿನ ಕಡೆಗೆ ತಿರುಗುತ್ತಿದ್ದರು. ವರ್ಷಗಟ್ಟಲೆ ಹೀಗೆ ಅವಮಾನ ನುಂಗಿದವನು ನಾನು.

ಒಂದು ಶುಕ್ರವಾರ ಸಂತೆಗೆ ಹೋದವನು ಹಸಿಮೆಣಸು, ಬಸಳೆ ಮರೆತು, ಹಳೇ ಸಾಮಾನಿನವನ ಹತ್ತಿರ ಒಂದು ಮಳೆ ಮಾಪಕ ತಂದೆ. ಯಾವುದೋ ಎಸ್ಟೇಟಿನಿಂದ ಬಂದದ್ದಂತೆ. ತಗಡಿನ ದೊಡ್ಡ ಡಬ್ಬ, ಮೇಲೆ ಅಗಲ ಬಾಯಿಯ ಆಲಿಕೆ, ಜೊತೆಗೆ ಗೆರೆ ಹಾಕಿದ ದಪ್ಪನೆಯ ಗಾಜಿನ ಅಳತೆ ಕೊಳವೆ. ಕೊಟ್ಟ ಬೆಲೆ ಒಂದು, ಮನೆಯಲ್ಲಿ ಹೇಳಿದ ಬೆಲೆ ಇನ್ನೊಂದು. ಎರಡನ್ನೂ ಇಲ್ಲಿ ಬರೆಯುವುದಿಲ್ಲ.

"ಎಂಥ ಇದು?" ಎಂದಳು ಹೆಂಡತಿ.

"ಮಳೆ ಬಂದರೆ ಗೊತ್ತಾಗುತ್ತದೆ."

"ಹೆಂಚಿನ ಮೇಲೆ ಸದ್ದಾಗುತ್ತದಲ್ಲ, ಅದರಲ್ಲಿ ಗೊತ್ತಾಗುವುದಿಲ್ಲವಾ?"

ಈ ಹತ್ತು ಸೆಂಟಿನ ಮೇಲೆ ಒಂದೇ ಒಂದು ಇಂಚು ಮಳೆ ಬಿದ್ದರೂ ಅದು ಹತ್ತು ಸಾವಿರ ಲೀಟರಿಗಿಂತ ಜಾಸ್ತಿ ನೀರಾಗುತ್ತದೆ ಎಂದು ಲೆಕ್ಕ ಬಿಡಿಸಿ ಹೇಳಿದೆ. ಹಾಗಾದರೆ ಮೂರು ದಿನದಿಂದ ನಲ್ಲಿಯಲ್ಲಿ ನೀರು ಯಾಕಿಲ್ಲ ಎಂದು ಕೇಳಿದಳು. ವಿಜ್ಞಾನ ಅವಳಿಗೆ ಹಿಡಿಸುವುದಿಲ್ಲ.

ಮಾಪಕ ಇಡುವುದಕ್ಕೂ ಶಾಸ್ತ್ರವಿದೆ. ಮರವಾಗಲಿ ಗೋಡೆಯಾಗಲಿ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಾದರೂ ದೂರವಿರಬೇಕು. ನಮ್ಮ ಹಲಸಿನ ಮರಕ್ಕೆ ಈ ನಿಯಮ ಹಚ್ಚಿದರೆ ಮಾಪಕವನ್ನು ನಡುರಸ್ತೆಯಲ್ಲಿ ಇಡಬೇಕು. ಇದ್ದುದರಲ್ಲಿ ತೆರೆದ ಜಾಗವೆಂದರೆ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ. ಅಲ್ಲೇ ನೆಟ್ಟೆ. ಮರುದಿನ ಬೆಳಗ್ಗೆ ನೋಡಿದರೆ ಹನ್ನೆರಡು ಸೆಂಟು! ಓಡಿಹೋಗಿ ಸೊಸೈಟಿಯಲ್ಲಿ ಹೇಳಿದೆ. ಹಿಂದಿನ ದಿನ ಇಡೀ ಜಿಲ್ಲೆಯಲ್ಲಿ ಮೋಡದ ಚೂರೂ ಇರಲಿಲ್ಲ. ಮನೆಗೆ ಬಂದು ವಿಚಾರಿಸಿದಾಗ ಹೆಂಡತಿ ಸಂಜೆ ಎರಡು ಬೆಡ್‌ಶೀಟು ಹಿಂಡದೆ ಹರವಿದ್ದಳೆಂದು ತಿಳಿಯಿತು. ಹಗ್ಗವನ್ನು ಹಲಸಿನ ಮರದಡಿಗೆ ಕಟ್ಟಿದೆ. ಅಲ್ಲಿ ಹಕ್ಕಿಗಳದ್ದೇ ಬೇರೆ ಮಳೆ. ಆವತ್ತಿನಿಂದ ಮಾಪಕಕ್ಕೆ ನಮ್ಮ ಮನೆಯಲ್ಲಿ "ನಿಮ್ಮ ಎರಡನೇ ಸಂಸಾರ" ಎಂದು ಹೆಸರು.

ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದಾರೆ. ಕೊಡಗಿನಲ್ಲಿ ಪಕ್ಕದ ಮನೆಯವರು ಸೈನ್ಯದಿಂದ ಬಂದವರಾಗಿರದಿದ್ದರೆ ಅದರಾಚೆಯ ಮನೆಯವರು ಆಗಿರುತ್ತಾರೆ. ಇವರಿಗೂ ಒಂದು ಮಾಪಕವಿದೆ, ಐದಿಂಚಿನ ಬಾಯಿಯದು. ಬೆಳಗ್ಗೆ ಎಂಟೂವರೆಗೆ ಸರಿಯಾಗಿ, ಕಾಲಿಗೆ ಗಂಬೂಟು ಹಾಕಿ, ಕೊಡೆಯನ್ನು ಕತ್ತಿನ ಸಂದಿಯಲ್ಲಿ ಸಿಕ್ಕಿಸಿಕೊಂಡು ಬಂದು, ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾರೆ. ಹವಾಮಾನ ಇಲಾಖೆಯ ಸಮಯವೂ ಅದೇ. ನನ್ನ ಮಾಪಕ ಕಂಡ ದಿನ ಗೋಡೆಯ ಮೇಲಿಂದ ಇಣುಕಿ, "ಅಂಕಿ ಬರೆಯುವುದಾದರೆ ದಿನಾ ಬರೆಯಬೇಕು. ಒಂದು ದಿನ ತಪ್ಪಿದರೂ ಅದು ಲೆಕ್ಕ ಅಲ್ಲ, ಕತೆ" ಎಂದರು. ಲೆಕ್ಕ ಬರೆಯುವವನಿಗೇ ಬುದ್ಧಿ ಹೇಳುತ್ತಾರಲ್ಲ ಎಂದು ಆಗ ಸಿಟ್ಟು ಬಂದಿತ್ತು.

ಜೂನ್ ಬಂತು, ಹಿಂದೆಯೇ ಜುಲೈ. ಮಳೆಗಾಲದ ಮಡಿಕೇರಿಯನ್ನು ಫೋಟೊದಲ್ಲಿ ನೋಡಿದವರಿಗೆ ಒಂದು ಮಾತು: ಅಲ್ಲಿ ಕಾಣುವ ಮಂಜು ನಮ್ಮ ಬೀರುವಿನ ಒಳಗೂ ಇರುತ್ತದೆ. ಬೆಲ್ಟಿಗೆ ಬೂಸು, ಚಪ್ಪಲಿಗೆ ಬೂಸು, ಉಪ್ಪಿನ ಡಬ್ಬಿಯಲ್ಲಿ ನೀರು. ಕೆಂಡದ ಅಗ್ಗಿಷ್ಟಿಕೆಯ ಮೇಲೆ ಬಿದಿರು ಬುಟ್ಟಿ ಮಗುಚಿ, ಬುಟ್ಟಿಯ ಮೇಲೆ ಬಟ್ಟೆ ಹರವಿ ಒಣಗಿಸುತ್ತೇವೆ. ಒಣಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಅಂಗಿ ತೊಟ್ಟು ಸೊಸೈಟಿಯಲ್ಲಿ ಕೂತರೆ ಒಲೆಯ ಮೇಲೆ ತಿಂಗಳು ತೂಗುಹಾಕಿದ ಹಂದಿಮಾಂಸ ಬಂದು ಕೂತ ಹಾಗಿರುತ್ತದೆ. ಹಸಿದ ಹೊತ್ತಿನಲ್ಲಿ ಸಾಲ ಕೇಳಲು ಬಂದವರು ನನ್ನನ್ನು ನೋಡುವ ರೀತಿಯೇ ಬೇರೆ.

ಆ ಜುಲೈಯಲ್ಲಿ ಹನ್ನೊಂದು ದಿನ ಬಿಡದೆ ಸುರಿದಾಗ ಹೆಂಡತಿ ಒಂದು ಶನಿವಾರ ರಾತ್ರಿ ತೀರ್ಪು ಕೊಟ್ಟಳು: "ನಾಳೆ ಕುಶಾಲನಗರ." ಅಲ್ಲಿ ಅವಳ ತಮ್ಮನ ಮನೆ. ಮೂವತ್ತು ಕಿಲೋಮೀಟರಿನಷ್ಟು ದೂರ, ಹವೆ ಮಾತ್ರ ಬೇರೆ ರಾಜ್ಯದ್ದು. ನಾವು ಮುಳುಗುತ್ತಿರುವಾಗ ಭಾವಮೈದ ಫೋನ್ ಮಾಡಿ "ಇಲ್ಲಿ ಎಂಥ ಸೆಖೆ ಭಾವ" ಎನ್ನುವವನು. ಬೇರೆಯವರು ಪ್ರವಾಸಕ್ಕೆ ಬುತ್ತಿ ಕಟ್ಟುತ್ತಾರೆ. ನಾವು ನಾಲ್ಕು ಬಕೆಟ್ ಒದ್ದೆ ಬಟ್ಟೆ ಕಟ್ಟಿಕೊಂಡು ಹೊರಟೆವು. ಒದ್ದೆ ಬಟ್ಟೆಯ ಹಬೆಗೆ ಕಾರಿನ ಗಾಜೆಲ್ಲ ಒಳಗಿನಿಂದ ಮಬ್ಬಾಗಿ, ಸುಂಟಿಕೊಪ್ಪದವರೆಗೂ ಮಗಳು ಒಂದು ಬನಿಯನ್ನಿನಲ್ಲಿ ಗಾಜು ಒರೆಸುತ್ತಲೇ ಇದ್ದಳು. ಆ ಬನಿಯನ್ನೂ ಒದ್ದೆಯದೇ. ಎದುರಿನಿಂದ ಬೆಂಗಳೂರಿನ ಕಾರುಗಳು ಸಾಲುಸಾಲಾಗಿ ಬರುತ್ತಿದ್ದವು. ಅವರು ಮಳೆ ನೋಡಲು ಹತ್ತುತ್ತಿದ್ದರು, ನಾವು ಬಿಸಿಲು ನೋಡಲು ಇಳಿಯುತ್ತಿದ್ದೆವು.

ಆನೆಕಾಡು ದಾಟುತ್ತಲೇ ಬಿಸಿಲು. ತಾರಸಿಯ ತುಂಬ ಬಟ್ಟೆ ಹರವಿ, ಅಲ್ಲಿ ಮೊದಲೇ ಒಣಗುತ್ತಿದ್ದ ಭಾವಮೈದನ ಮನೆಯವರ ಬಟ್ಟೆಯನ್ನು ಒಂದು ಮೂಲೆಗೆ ಸರಿಸಿ, ಕಾವೇರಿ ನಿಸರ್ಗಧಾಮಕ್ಕೆ ಹೋದೆವು. ಗೇಟು ಮುಚ್ಚಿತ್ತು. ಅದು ಹೊಳೆ ನಡುವಿನ ದ್ವೀಪ, ಹೊಳೆ ತುಂಬಿದರೆ ಬಿಡುವುದಿಲ್ಲ. ಭಾಗಮಂಡಲ, ನಾಪೋಕ್ಲು ಕಡೆಯವರು ಬೆಳಗ್ಗೆ ಎದ್ದು ಇಂಚಿನಲ್ಲಿ ಅಳೆದು ಕಳಿಸಿದ ನೀರೆಲ್ಲ ಕೆಂಪಗೆ ನಮ್ಮೆದುರೇ ಹರಿಯುತ್ತಿತ್ತು. ನೆತ್ತಿಯ ಮೇಲೆ ಸುಡು ಬಿಸಿಲು, ಕಾಲ ಬುಡದಲ್ಲಿ ಪ್ರವಾಹ. ಮಕ್ಕಳ ಮುಖ ನೋಡಲಾಗದೆ ಬೈಲುಕುಪ್ಪೆಗೆ ಕರೆದೊಯ್ದು ಟಿಬೆಟನ್ನರ ದೇವಸ್ಥಾನ ತೋರಿಸಿ ಮೊಮೊ ತಿನ್ನಿಸಿದೆ. ಮಗ ಹನ್ನೆರಡು ತಿಂದ.

ಕತ್ತಲಾದರೆ ಆನೆಕಾಡಿನಲ್ಲಿ ಹೆಸರಿಗೆ ತಕ್ಕವರು ರಸ್ತೆಗೆ ಇಳಿಯಬಹುದೆಂದು ಅವಸರದಲ್ಲಿ ತಾರಸಿಯ ಬಟ್ಟೆ ಬಾಚಿ ತುಂಬಿಕೊಂಡು ಬಂದೆವು. ಮನೆಗೆ ಬಂದು ಬಿಚ್ಚಿದರೆ ಭಾವಮೈದನ ಮೂರು ಅಂಗಿ, ಅವನ ಅತ್ತೆಯ ಎರಡು ಸೀರೆ, ಯಾರದೆಂದು ಇಂದಿಗೂ ತಿಳಿಯದ ಒಂದು ಚಡ್ಡಿ ಗರಿಗರಿಯಾಗಿ ಒಣಗಿದ್ದವು. ಮಗನ ಯೂನಿಫಾರಂ ಮಾತ್ರ ಕುಶಾಲನಗರದಲ್ಲೇ ಉಳಿದಿತ್ತು.

ಸೋಮವಾರ ಬೆಳಗ್ಗೆ ನನ್ನ ಮಾಪಕದಲ್ಲಿ ಐದು ಇಂಚು ಹದಿನೈದು ಸೆಂಟು. ನನ್ನ ಸಂತೋಷಕ್ಕೆ ಪಾರವಿಲ್ಲ. ಬಂಧುಗಳಿಗೆಲ್ಲ ಫೋನಿನಲ್ಲಿ ಕಳಿಸಿದ ಮೇಲೆಯೇ ಗೋಡೆಯಾಚೆ ಕೇಳಿದ್ದು. ಸುಬೇದಾರರು, "ಮೂವತ್ತು ಸೆಂಟು. ರಾತ್ರಿ ಹತ್ತರ ಮೇಲೆ ನಕ್ಷತ್ರ ಕಾಣುತ್ತಿತ್ತು" ಎಂದರು. ಮಗ ಬಾಗಿಲ ಹಿಂದೆ ನಿಂತಿದ್ದ. ಎಂಟಿಂಚಿನ ಆಲಿಕೆಗೆ ಒಂದು ಲೀಟರಿನ ಚೊಂಬು ಸುರಿದರೆ ಒಂದು ಇಂಚಿಗೂ ಮೇಲಾಗುತ್ತದೆ. ಅವನು ಸುರಿದದ್ದು ನಾಲ್ಕು ಚೊಂಬು. ಮಳೆ ಜೋರಾದ ದಿನ ನಮ್ಮಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಯೂನಿಫಾರಂ ಇಲ್ಲದವನಿಗೆ ಆ ರಜೆ ಬೇಕಿತ್ತು. ಜಿಲ್ಲಾಧಿಕಾರಿಗಳು ಅಪ್ಪನ ಅಂಕಿ ನೋಡಿಯೇ ರಜೆ ಕೊಡುವುದೆಂದು ಅವನು ನಂಬಿದ್ದ. ಮಗುವಿಗೆ ಈ ನಂಬಿಕೆ ಎಲ್ಲಿಂದ ಬಂತು ಎಂದು ಹೆಂಡತಿ ಕೇಳಿದಳು. ನಾನು ಕೊಡೆ ಹಿಡಿದು ಕೆಲಸಕ್ಕೆ ಹೊರಟೆ.

ಆಗಸ್ಟ್ 3, ಕಕ್ಕಡ ಹದಿನೆಂಟು, ಎಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅಂದು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆಂದು ನಂಬಿಕೆ. ಸೊಪ್ಪು ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲೇ ಅಕ್ಕಿ ಬೇಯಿಸಿ ಪಾಯಸ. ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಗೊತ್ತಿಲ್ಲದ ಹೊರಗಿನ ನೆಂಟರು ಗಾಬರಿಬಿದ್ದು ಡಾಕ್ಟರ ಹತ್ತಿರ ಓಡುವುದು ಇದ್ದದ್ದೇ. ನನ್ನ ಮನೆಯಲ್ಲಿ ಕೆಡುಕಾದದ್ದು ಅದಕ್ಕೂ ಮೊದಲು. ಅಕ್ಕಿಗೆ ನೀರು ಅಳೆಯಲು ಅತ್ತೆಗೆ ಪಾತ್ರೆ ಸಿಗಲಿಲ್ಲ. ಕಿಟಕಿಯಲ್ಲಿ ಚೆಂದಕ್ಕೆ ಗೆರೆ ಹಾಕಿದ ಗಾಜಿನ ಲೋಟ ಸಿಕ್ಕಿತು. ಕೊತಕೊತ ಕುದಿಯುವ ಮದ್ದನ್ನು ಹೊಯ್ದರು. ಟಪ್ ಎಂದಿತು.

"ಇಷ್ಟು ದೊಡ್ಡ ಮಳೆ ತಡೆದುಕೊಳ್ಳುವ ಲೋಟ, ಒಂದು ಪಾಯಸ ತಡೆಯಲಿಲ್ಲವಲ್ಲ" ಎಂದರು ಅತ್ತೆ.

ಮರುದಿನವೇ ಹೋಗಿ ಹೊಸ ಕೊಳವೆ ತಂದೆ. ಅಂಗಡಿಯಾತ ಯಾವ ಸೈಜಿನದು ಎಂದು ಕೇಳಿದ. ಮಳೆ ಅಳೆಯುವ ಸೈಜಿನದು ಎಂದೆ. ಕೊಟ್ಟ. ಹಳೆಯದಕ್ಕಿಂತ ತುಸು ತೆಳ್ಳಗಿತ್ತು. ಈಗಿನ ಕಾಲದಲ್ಲಿ ಬಿಸ್ಕತ್ತಿನಿಂದ ಹಿಡಿದು ಎಲ್ಲವೂ ತೆಳ್ಳಗಾಗಿದೆ, ಇದೇನು ಮಹಾ ಎಂದುಕೊಂಡೆ.

ಅಂದಿನಿಂದ ಮಡಿಕೇರಿಯ ಮಳೆಗೆ ಒಂದು ಕಳೆ ಬಂತು. ಮೂರು ಇಂಚು, ನಾಲ್ಕೂವರೆ, ಐದು. ಸೊಸೈಟಿಯಲ್ಲಿ ಮಾತು ನನ್ನ ಹತ್ತಿರ ಬಂದು ನಿಲ್ಲತೊಡಗಿತು. ಭಾಗಮಂಡಲದವರೊಬ್ಬರು "ನಮ್ಮನ್ನೂ ಮೀರಿಸಿದಿರಲ್ಲ" ಎಂದು ಬೆನ್ನು ತಟ್ಟಿದರು, ಮಳೆಯನ್ನು ನಾನೇ ಮನೆಯಲ್ಲಿ ಬೆಳೆದವನ ಹಾಗೆ. ಸುಬೇದಾರರನ್ನು ಕೇಳುವುದನ್ನೇ ಬಿಟ್ಟೆ. ಕಡೆಗೆ ಒಂದು ಬೆಳಗ್ಗೆ ಆರು ಇಂಚು ನಲವತ್ತು ಸೆಂಟು! ಬಂಧುಗಳಿಗೆಲ್ಲ ಕಳಿಸಿದೆ, ಕೊನೆಯಲ್ಲಿ ಎರಡು ಆಶ್ಚರ್ಯಸೂಚಕ ಚಿಹ್ನೆ ಬೇರೆ.

2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ ಮೇಲೆ ನಮ್ಮೂರಲ್ಲಿ ಮಳೆಯ ಅಂಕಿ ಬರೀ ಹರಟೆಯ ಸರಕಲ್ಲ. ಅದನ್ನು ನಾನು ಮರೆತಿದ್ದೆ. ಗುಡ್ಡದ ಬುಡದಲ್ಲಿ ಒಬ್ಬರೇ ಇರುವ ನಮ್ಮ ಚಿಕ್ಕಮ್ಮ ಮರೆತಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಗೇಟಿನೆದುರು ಜೀಪು ನಿಂತಿತು. ಎರಡು ಚೀಲ, ಒಂದು ಟ್ರಂಕು, ಮುಚ್ಚಿದ ಬುಟ್ಟಿಯಲ್ಲಿ ಮೂರು ಕೋಳಿ, ಮತ್ತು ಚಿಕ್ಕಮ್ಮ. ಜಾಗದ ಪತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದರು.

"ಆರು ಇಂಚು ಅಂದೆಯಲ್ಲ ಮಗ, ಇನ್ನು ಕೂತಿರುವುದು ಹೇಗೆ?" ಎಂದರು.

ಸದ್ದು ಕೇಳಿ ಸುಬೇದಾರರು ಇಣುಕಿದರು. ಅವರದ್ದು ಎರಡು ಇಂಚು ಐವತ್ತು. "ನಡುವೆ ಇರುವುದು ಒಂದು ಗೋಡೆ. ಮೋಡಕ್ಕೂ ಸರ್ವೆ ನಂಬರ್ ಗೊತ್ತಾ?" ಎಂದರು. ನಾನು ಮಗನ ಕಿವಿ ಹಿಡಿದೆ. ಈ ಸಲ ತಾನಲ್ಲವೆಂದು ಅವನು ಆಣೆ ಇಟ್ಟ. ಒಂಬತ್ತನೇ ಕ್ಲಾಸಿನ ಮಗಳು ಸ್ಕೇಲು ಹಿಡಿದು ಅಂಗಳಕ್ಕೆ ಇಳಿದಳು. ನನ್ನ ಆಲಿಕೆಯ ಬಾಯಿ ಅಳೆದಳು, ಎಂಟು ಇಂಚು. ಹೊಸ ಕೊಳವೆಯ ಬುಡದಲ್ಲಿ ಸಣ್ಣಕ್ಷರದಲ್ಲಿದ್ದುದನ್ನು ಓದಿದಳು, ಐದು ಇಂಚಿನ ಮಾಪಕಕ್ಕೆ. ಎಂಟರ ವರ್ಗ ಅರವತ್ತನಾಲ್ಕು, ಐದರ ವರ್ಗ ಇಪ್ಪತ್ತೈದು, ಭಾಗಿಸಿದರೆ 2.56. ಅಗಲ ಬಾಯಿಯಲ್ಲಿ ಹಿಡಿದ ನೀರನ್ನು ಸಣ್ಣ ಬಾಯಿಯ ಲೆಕ್ಕದಲ್ಲಿ ಅಳೆಯುತ್ತಿದ್ದೀರಿ ಅಪ್ಪ, ಎಲ್ಲವೂ ಎರಡೂವರೆ ಪಟ್ಟು ಜಾಸ್ತಿ ಎಂದಳು. ಆರು ಇಂಚು ನಲವತ್ತನ್ನು ಅದರಿಂದ ಭಾಗಿಸಿದಳು. ಎರಡು ಇಂಚು ಐವತ್ತು, ಒಂದು ಸೆಂಟೂ ಆಚೀಚೆ ಇಲ್ಲ.

ಸುಬೇದಾರರು ಏನೂ ಹೇಳಲಿಲ್ಲ. ಹೇಳಿದ್ದರೆ ಸಹಿಸಬಹುದಿತ್ತು.

ಆಗಸ್ಟ್ ತಿಂಗಳ ನನ್ನ ಪುಸ್ತಕವನ್ನು ಮಗಳು ಕೆಂಪು ಪೆನ್ನಿನಲ್ಲಿ ತಿದ್ದಿಟ್ಟಿದ್ದಾಳೆ. 3ನೇ ತಾರೀಖಿನ ಎದುರು "ಅಳತೆ ಇಲ್ಲ, ಕಾರಣ ಪಾಯಸ" ಎಂದಿದೆ. ಭಾಗಮಂಡಲದವರಿಗೆ ಮಾತ್ರ ನಾನಿನ್ನೂ ಏನೂ ಹೇಳಿಲ್ಲ. ಚಿಕ್ಕಮ್ಮ, ಹೇಗೂ ಬಂದಾಯ್ತಲ್ಲ, ಹುತ್ತರಿ ಮುಗಿಸಿಕೊಂಡೇ ಹೋಗುತ್ತೇನೆ ಎಂದಿದ್ದಾರೆ. ಹುತ್ತರಿ ನಮ್ಮ ಸುಗ್ಗಿ ಹಬ್ಬ, ಬರುವುದು ನವೆಂಬರ್ ಡಿಸೆಂಬರಿನ ಹೊತ್ತಿಗೆ. ಕೋಳಿಗಳು ಮಾಪಕದ ಕಟ್ಟೆಯ ಮೇಲೇ ಕೂರುತ್ತವೆ. ಈಗ ಎಂಟೂವರೆಗೆ ಸರಿಯಾಗಿ ನಾನು ಎಂಟಿಂಚಿನದೇ ಕೊಳವೆ ಹಿಡಿದು ಅಂಗಳಕ್ಕಿಳಿದರೆ ಚಿಕ್ಕಮ್ಮ ಕಾಫಿ ಲೋಟ ಹಿಡಿದು ಜಗಲಿಗೆ ಬರುತ್ತಾರೆ.

"ಎಷ್ಟಾಯ್ತು ಮಗ?"

"ಎಂಬತ್ತು ಸೆಂಟು ಚಿಕ್ಕಮ್ಮ."

ಹೌದಾ ಎನ್ನುತ್ತಾರೆ. ಒಂದು ಗುಟುಕು ಕಾಫಿ ಕುಡಿಯುತ್ತಾರೆ. ಆಮೇಲೆ ಗೋಡೆಯ ಕಡೆಗೆ ತಿರುಗಿ ಕೂಗುತ್ತಾರೆ: "ಸುಬೇದಾರ್ರೇ, ನಿಮ್ಮಲ್ಲಿ ಎಷ್ಟು?"