ನೀವು ಕೇಳಿಸಿಕೊಂಡಿದ್ದು ಆಂಪ್ ಅಲ್ಲ, ವಾಲ್ಯೂಮು

ಅಲ್ಲ ಮಾರಾಯ್ರೆ, ಮೂರು ಸಾವಿರದೊಳಗೆ ಬರೋ ಒಂದು ಹೆಡ್‌ಫೋನ್ ಆಂಪ್ (ಫೋನಿಂದಲೋ ಲ್ಯಾಪ್‌ಟಾಪಿಂದಲೋ ಬರೋ ಸಿಗ್ನಲ್ ಜೋರು ಮಾಡಿ ಹೆಡ್‌ಫೋನಿಗೆ ಕೊಡೋ ಡಬ್ಬ) ಹೇಗಿದೆ ಅಂತ ಕೇಳಿದ್ರೆ ಬರೋ ಉತ್ತರ ನೋಡಿ. "ಸೌಂಡು ಸ್ವಲ್ಪ ಬೆಚ್ಚಗಿದೆ." ಬೆಚ್ಚಗಿರೋಕೆ ಅದೇನು ಬೆಲ್ಲದ ಕಾಫಿಯಾ? "ಹಾಡೋರು ಎದುರಿಗೇ ಬಂದು ಕೂತ ಹಾಗಿದೆ." ಎಷ್ಟು ವಾಲ್ಯೂಮಿನಲ್ಲಿ? ಯಾವ ಹೆಡ್‌ಫೋನಿಗೆ? ಯಾವ ಆಂಪ್ ಪಕ್ಕ ಇಟ್ಟು ಹೋಲಿಸಿದ್ರಿ? ಅಲ್ಲಿಗೆ ಬಾಯಿ ಬಂದ್. ಮಡಿಕೇರಿ, ಗೋಣಿಕೊಪ್ಪ ಕಡೆಯಿಂದ ಆನ್‌ಲೈನಲ್ಲಿ ತರಿಸೋ ಹುಡುಗರಿಗೆ ಕಿವಿಗೆ ಹಾಕಿ ನೋಡಿ ಕೊಳ್ಳೋ ಅನುಕೂಲ ಎಲ್ಲಿದೆ? ಈ ಮಾತುಗಳನ್ನೇ ನಂಬಿ ದುಡ್ಡು ಹಾಕ್ತಾರೆ.

ಎಲ್ಲರೂ ಮಾಡೋ ತಪ್ಪು ಒಂದೇ. ಹಳೇ ಆಂಪ್ ತೆಗೆದು ಹೊಸದನ್ನ ಸಿಕ್ಕಿಸಿ, ವಾಲ್ಯೂಮ್ ಅಂದಾಜಿಗೆ ತಿರುಗಿಸಿ, "ಆಹಾ, ಎಷ್ಟು ಕ್ಲಿಯರ್" ಅನ್ನೋದು. ಒಂದು ಡೆಸಿಬಲ್ ಜಾಸ್ತಿ ಇದ್ರೆ ಸಾಕು, ಕಿವಿ ಅದನ್ನ "ಜೋರು" ಅಂತ ಹೇಳಲ್ಲ, "ಚೆನ್ನಾಗಿದೆ" ಅಂತ ಹೇಳುತ್ತೆ. ಒಂದು ಡೆಸಿಬಲ್ ಅಂದ್ರೆ ವೋಲ್ಟೇಜಿನಲ್ಲಿ ಹತ್ತಿರ ಹತ್ತಿರ 12 ಪರ್ಸೆಂಟ್. ಗುಂಡಿಯಲ್ಲಿ ಅದು ಸಾಸಿವೆ ಕಾಳಿನಷ್ಟು ತಿರುವು. ಹಾಗಾಗಿ ಗೇನ್, ಅಂದ್ರೆ ಸಿಗ್ನಲನ್ನ ಎಷ್ಟು ಪಟ್ಟು ಹೆಚ್ಚಿಸುತ್ತೆ ಅನ್ನೋದು, ಜಾಸ್ತಿ ಇರೋ ಆಂಪೇ ಪ್ರತಿ ಸಲ ಗೆಲ್ಲೋದು. ತಯಾರಿಸೋರಿಗೂ ಇದು ಗೊತ್ತು. ಅದಕ್ಕೇ ಇರಬೇಕು, ಕೆಲವರು ಎರಡು ಪಟ್ಟು ಸಾಕಾಗೋ ಕಡೆ ಹತ್ತು ಪಟ್ಟು ಗೇನ್ ಇಟ್ಟು ಕಳಿಸ್ತಾರೆ.

ವಾಲ್ಯೂಮ್ ಸಮ ಮಾಡೋಕೆ ಮಹಾ ವಿದ್ಯೆ ಬೇಕಿಲ್ಲ. 300 ಹರ್ಟ್ಸಿನ ಒಂದು ಟೋನ್ ಹಾಕಿ. ಹೆಡ್‌ಫೋನ್ ಆಂಪಿಗೆ ಸಿಕ್ಕಿಸೇ ಇರಲಿ, ಆದ್ರೆ ತಲೆಯಿಂದ ತೆಗೆದು ಮೇಜಿನ ಮೇಲಿಡಿ. ಮಲ್ಟಿಮೀಟರ್ ಎಸಿಗೆ ಇಟ್ಟು ಎಡ ಚಾನೆಲ್ಲಿಗೂ ಗ್ರೌಂಡಿಗೂ ಮುಟ್ಟಿಸಿ, ಒಂದರಲ್ಲಿ 300 ಮಿಲಿವೋಲ್ಟ್ ಬಂದ್ರೆ ಇನ್ನೊಂದರಲ್ಲಿ 297ರಿಂದ 303ರೊಳಗೆ ತನ್ನಿ. ಹೆಡ್‌ಫೋನ್ ಬಿಚ್ಚಿ ಅಳೆದ್ರೆ ಆ ಲೆಕ್ಕ ದಂಡ, ಲೋಡ್ ಬಿದ್ದಾಗ ಒಂದೊಂದು ಆಂಪ್ ಒಂದೊಂದು ಥರ ಕುಸಿಯುತ್ತೆ. ಟೋನನ್ನ 1000 ಹರ್ಟ್ಸಿಗೆ ಏರಿಸ್ಬೇಡಿ, ಅಗ್ಗದ ಮೀಟರುಗಳ ಎಸಿ ಲೆಕ್ಕ 400 ಹರ್ಟ್ಸ್ ದಾಟಿದ ಮೇಲೆ ನಂಬೋ ಹಾಗಿಲ್ಲ. ಇನ್ನು ಎಲ್ಲರ ಮನೇಲೂ ಇರೋ ಆ ಹಳದಿ ಮೀಟರ್, ಅದರಲ್ಲಿ ಎಸಿಗೆ ಇರೋದೇ 200 ಮತ್ತು 750 ವೋಲ್ಟ್. 300 ಮಿಲಿವೋಲ್ಟನ್ನ ಅದು 0.3 ಅಂತ ತೋರಿಸಿ ಸುಮ್ಮನಾಗುತ್ತೆ. ಎಸಿಯಲ್ಲಿ 2 ವೋಲ್ಟ್ ರೇಂಜ್ ಇರೋದು ಬೇಕು.

ಇಷ್ಟು ಮಾಡದೆ ಬರೆದ ಪ್ರತಿಯೊಂದು ವಿಮರ್ಶೆಯೂ ವಾಲ್ಯೂಮ್ ಗುಂಡಿಯ ವಿಮರ್ಶೆ.

ಆಮೇಲೆ ಕೇಳೋ ಜಾಗ. ಜುಲೈ ತಿಂಗಳಲ್ಲಿ, ತಗಡಿನ ಮಾಡಿನ ಮೇಲೆ ಮಳೆ ಹುಯ್ಯುವಾಗ, ಹೊರಗಿನ ಸದ್ದೆಲ್ಲ ಒಳಗೆ ಬಿಡೋ ಓಪನ್ ಬ್ಯಾಕ್ ಹೆಡ್‌ಫೋನ್ ಹಾಕ್ಕೊಂಡು "ಹಿಸ್ ಸೊನ್ನೆ, ಹಿನ್ನೆಲೆ ಕಪ್ಪು" ಅಂತ ತೀರ್ಪು! ಆ ಮಳೆಯಲ್ಲಿ ಪಕ್ಕದಲ್ಲಿ ಕೂತೋರ ಮಾತೇ ಕೇಳಲ್ಲ, ಆಂಪಿನ ಹಿಸ್, ಅಂದ್ರೆ ಆ ಸಣ್ಣ ಸುಯ್ ಸದ್ದು, ಎಲ್ಲಿಂದ ಕೇಳ್ಬೇಕು? ಹಿಸ್ ನೋಡ್ಬೇಕಂದ್ರೆ ಮಳೆ ಬಿಟ್ಟ ರಾತ್ರಿ, ಸೂಕ್ಷ್ಮವಾದ ಇಯರ್‌ಫೋನ್ ಹಾಕಿ, ಹಾಡು ನಿಲ್ಲಿಸಿ, ಗುಂಡಿ ಪೂರ್ತಿ ಇಳಿಸಿ ಒಂದು ಸಲ, ಅರ್ಧಕ್ಕೆ ಇಟ್ಟು ಒಂದು ಸಲ ಕೇಳಿ. ಎರಡು ಕಡೆಯೂ ಒಂದೇ ಥರ ಸುಯ್ ಅಂದ್ರೆ ಅದು ಆಂಪಿನದ್ದೇ. ಗುಂಡಿ ಜೊತೆ ಏರಿದ್ರೆ ಹೆಚ್ಚಿನಂಶ ಹಿಂದಿನಿಂದ ಬರ್ತಿರೋದು, ಲ್ಯಾಪ್‌ಟಾಪಿಂದಲೋ ಫೋನಿಂದಲೋ.

ಗುಂಯ್ ಅನ್ನೋದಕ್ಕೂ ಆಂಪಿಗೇ ಬೈಗುಳ. ಕರೆಂಟ್ ಹೋಗಿ ಮನೆ ಇನ್ವರ್ಟರ್ ಮೇಲೆ ಓಡ್ತಾ ಇದೆ, ಅದೂ ಸ್ಕ್ವೇರ್ ವೇವ್ ಇನ್ವರ್ಟರ್, ಫ್ಯಾನೇ ಅದರಲ್ಲಿ ಗುಂಯ್‌ಗುಡುತ್ತೆ, ಅಡಾಪ್ಟರಿನಲ್ಲಿ ನಡೆಯೋ ಆಂಪ್ ಗುಂಯ್ ಅನ್ನದೆ ಏನು ಮಾಡ್ಬೇಕು? ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಆಂಪ್ ಯುಎಸ್‌ಬಿಯದ್ದಾದ್ರೆ ಪವರ್‌ಬ್ಯಾಂಕಿಗೆ ಹಾಕಿ. ಸದ್ದು ನಿಂತ್ರೆ ತಪ್ಪು ಮನೆಯ ಅರ್ತಿಂಗಿನದ್ದೋ ಅಡಾಪ್ಟರಿನದ್ದೋ. ಮಾರ್ಚಲ್ಲಿ ಅರ್ತಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿರುತ್ತೆ, ಒಂದು ಕೊಡ ನೀರು ಹುಯ್ಯೋರಿಲ್ಲ, ಆಂಪಿಗೆ ಮಾತ್ರ ಒಂದೇ ಸ್ಟಾರ್. ಫೋನ್ ಹತ್ತಿರ ಇದ್ದಾಗ ಬರೋ ಆ ಡ್ರರ್ ಡ್ರರ್ ಸದ್ದಿದೆಯಲ್ಲ, ಅದು 2ಜಿ ಫೋನ್ ಸೆಕೆಂಡಿಗೆ 217 ಸಲ ಸಿಗ್ನಲ್ ಬಿಟ್ಟು ಬಿಟ್ಟು ಕಳಿಸೋ ಸದ್ದು. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕಳಿಸುತ್ತೆ, ತೋಟದ ಮನೆಗಳಲ್ಲಿ ಕೇಳ್ಬೇಕಾ! ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲಾ ಎರಡು ಮಾರು ದೂರ ಇಡಿ.

ಮಾರೋರ ವಾಟಿನ ಕಥೆಯಂತೂ ಬಿಡಿ. ಡಬ್ಬದ ಮೇಲೆ 600 ಮಿಲಿವಾಟ್, ಒಳಗೆ ಬರೀ 5 ವೋಲ್ಟಿನ ಯುಎಸ್‌ಬಿ. ವೋಲ್ಟೇಜ್ ಏರಿಸೋ ಸರ್ಕ್ಯೂಟ್ ಒಳಗಿಲ್ಲದಿದ್ರೆ 5 ವೋಲ್ಟಿನಲ್ಲಿ ಅಲೆ ಮೇಲೆ ಎರಡೂವರೆ ಕೆಳಗೆ ಎರಡೂವರೆ, ಅಂದ್ರೆ 1.77 ವೋಲ್ಟ್ ಆರ್‌ಎಂಎಸ್. 32 ಓಮಿಗೆ ಅದು 98 ಮಿಲಿವಾಟ್, ಅದೂ ಒಳಗಿನ ಐಸಿ ಚಿಪ್ ಒಂದಿಷ್ಟೂ ನುಂಗದಿದ್ರೆ. ಇನ್ನೂ ಒಂದು ವಿಷಯ: 32 ಓಮಿನ, ಮಿಲಿವಾಟಿಗೆ 100 ಡೆಸಿಬಲ್ ಕೊಡೋ ಹೆಡ್‌ಫೋನಿಗೆ 100 ಡೆಸಿಬಲ್ ಬರೋಕೆ ಬೇಕಾಗಿರೋದು ಒಂದೇ ಒಂದು ಮಿಲಿವಾಟ್. ಮಿಕ್ಕ 599 ಯಾರಿಗೆ, ಎಡೆ ಇಡೋಕಾ?

ಅಗ್ಗದ ಆಂಪಿನಲ್ಲಿ ನಿಜವಾಗಿ ನೋಡ್ಬೇಕಾದ್ದು ಔಟ್‌ಪುಟ್ ಇಂಪೀಡೆನ್ಸ್, ಅಂದ್ರೆ ಹೊರಗೆ ಹೋಗೋ ಸಿಗ್ನಲಿಗೆ ಆಂಪ್ ತನ್ನೊಳಗೇ ಒಡ್ಡೋ ತಡೆ. ಅದನ್ನ ಒಬ್ಬನೂ ಅಳೆಯಲ್ಲ, ಅದೇ ಹೊಟ್ಟೆ ಉರಿಯೋದು. 33 ಓಮಿನ ಕಾಲು ವಾಟ್ ರೆಸಿಸ್ಟರ್ ಒಂದು ಸಾಕು, ಒಂದೆರಡು ರೂಪಾಯಿಯ ಮಾತು. ಅದೇ 300 ಹರ್ಟ್ಸ್ ಟೋನ್, ಏನೂ ಸಿಕ್ಕಿಸದೆ ಔಟ್‌ಪುಟ್ಟಿನಲ್ಲಿ 500 ಮಿಲಿವೋಲ್ಟ್ ಬರೋ ಹಾಗೆ ಗುಂಡಿ ನಿಲ್ಲಿಸಿ. ಗುಂಡಿ ಮುಟ್ಟದೆ ರೆಸಿಸ್ಟರನ್ನ ಔಟ್‌ಪುಟ್ಟಿಗೂ ಗ್ರೌಂಡಿಗೂ ನಡುವೆ ಹಾಕಿ ಮತ್ತೆ ಓದಿ. ಮೊದಲ ಅಂಕಿಯನ್ನ ಎರಡನೇದರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿ. 500 ಇದ್ದದ್ದು 485ಕ್ಕೆ ಇಳಿದ್ರೆ ಹೆಚ್ಚುಕಮ್ಮಿ 1 ಓಮ್, ನಿಶ್ಚಿಂತೆ. 385ಕ್ಕೆ ಬಿದ್ರೆ 10 ಓಮ್. ಹೆಡ್‌ಫೋನಿನ ಇಂಪೀಡೆನ್ಸ್ ಇದರ ಎಂಟು ಪಟ್ಟಾದ್ರೂ ಇರ್ಬೇಕು ಅನ್ನೋದು ಬಳಕೆಯ ಲೆಕ್ಕ.

ಇಲ್ಲದಿದ್ರೆ ಏನಾಗುತ್ತೆ? ಒಂದೊಂದು ಕಿವಿಗೆ ಹಲವು ಪುಟ್ಟ ಸ್ಪೀಕರ್ ಇರೋ ಕೆಲವು ಬಹು ಡ್ರೈವರ್ ಇಯರ್‌ಫೋನುಗಳ ಇಂಪೀಡೆನ್ಸ್ ಒಂದು ಸ್ವರಕ್ಕೆ 8 ಓಮ್, ಇನ್ನೊಂದಕ್ಕೆ 40 ಓಮ್. 10 ಓಮಿನ ಆಂಪಿಗೆ ಅದನ್ನ ಸಿಕ್ಕಿಸಿದ್ರೆ ಆ ಎರಡು ಸ್ವರಗಳ ನಡುವೆ 5 ಡೆಸಿಬಲ್ ಏರುಪೇರು. ಹಾಡಿನ ಮುಖವೇ ಬೇರೆ. ಅದೇ ಆಂಪಿಗೆ 300 ಓಮಿನ ಹೆಡ್‌ಫೋನ್ ಹಾಕಿ, ಬೇಸಿನಲ್ಲಿ ಅದು 500ಕ್ಕೆ ಏರಲಿ, ವ್ಯತ್ಯಾಸ ಸುಮಾರು 0.1 ಡೆಸಿಬಲ್, ಯಾರ ಕಿವಿಗೂ ತಿಳಿಯಲ್ಲ. ಈಗ ನೋಡಿ, ಒಬ್ಬ "ಅದ್ಭುತ" ಅಂತಾನೆ, ಇನ್ನೊಬ್ಬ "ಕಸ" ಅಂತಾನೆ, ಇಬ್ಬರೂ ಹೇಳಿದ್ದು ನಿಜ. ಇಬ್ಬರೂ ಹೆಡ್‌ಫೋನ್ ಯಾವುದು ಅಂತ ಬರೆದಿರಲ್ಲ. ಓದೋನ ಗತಿ ಏನು?

"ಬೇಸ್ ಇಲ್ಲ" ಅನ್ನೋ ದೂರು ಬಂದ್ರೆ ಡಬ್ಬ ಬಿಚ್ಚಿ ಔಟ್‌ಪುಟ್ ದಾರಿಯಲ್ಲಿ ಕೂತಿರೋ ಕೆಪಾಸಿಟರ್ ನೋಡಿ. ಕೆಲವು ಬೋರ್ಡುಗಳಲ್ಲಿ 47 ಮೈಕ್ರೋಫ್ಯಾರಡ್ ಹಾಕಿ ಕೈ ತೊಳ್ಕೊಂಡಿರ್ತಾರೆ. 32 ಓಮಿಗೆ ಅದು 106 ಹರ್ಟ್ಸಿನಿಂದಲೇ ಕೆಳಗೆ ಜಾರೋಕೆ ಶುರು, ಡೋಲಿನ ಗುಮ್ಮು ಹೋಗಿ ಖಾಲಿ ಡಬ್ಬ ಬಡಿದ ಹಾಗೆ. ಅದರ ಜಾಗಕ್ಕೆ 470 ಹಾಕಿದ್ರೆ 11 ಹರ್ಟ್ಸಿಗೆ ಇಳಿಯುತ್ತೆ. ಪ್ಲಸ್ ಮೈನಸ್ ನೋಡಿ ಬೆಸುಗೆ ಹಾಕಿ, ಎತ್ತರ ಡಬ್ಬಕ್ಕೆ ಹಿಡಿಸುತ್ತಾ ಅಂತ ಮೊದಲೇ ಅಳೆಯಿರಿ. ಇದನ್ನ ಬಿಟ್ಟು "ನೂರು ಗಂಟೆ ಓಡಿಸಿ, ಬೇಸ್ ಬಿಡುತ್ತೆ" ಅಂತ ಸಲಹೆ ಕೊಡೋರಿದ್ದಾರೆ. ಸಾವಿರ ಗಂಟೆ ಓಡಿಸಿದ್ರೂ 47 ಮೈಕ್ರೋಫ್ಯಾರಡ್ 470 ಆಗಲ್ಲ ಸ್ವಾಮಿ.

ಓಪ್‌ಆಂಪ್ (ಆಂಪಿನೊಳಗೆ ಸಿಗ್ನಲ್ ಹೆಚ್ಚಿಸೋ ಐಸಿ) ಬದಲಾಯಿಸೋರದ್ದು ಇನ್ನೊಂದು ಕಾಟ. ಹೆಸರು ಅಳಿಸಿ ಮತ್ತೆ ಅಚ್ಚು ಹಾಕಿದ ನಕಲಿ ಐಸಿ ತಂದು, ಸಾಕೆಟ್ಟಿಗೆ ಒತ್ತಿ, "ಗಾಳಿಯಾಡ್ತಾ ಇದೆ" ಅಂತಾರೆ. ಐಸಿಯ ಪವರ್ ಪಿನ್ನಿನ ಹತ್ತಿರ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಲ್ಲದ ಬೋರ್ಡಿಗೆ ವೇಗದ ಐಸಿ ಹಾಕಿದ್ರೆ ಅದು ಕಿವಿಗೆ ಕೇಳದಷ್ಟು ಮೇಲೆ ತಾನೇ ಅರಚೋಕೆ ಶುರು ಮಾಡಬಹುದು. ಹಾಡಿಲ್ಲದೆ ಸುಮ್ಮನೆ ಇಟ್ಟಾಗಲೂ ಐಸಿ ಕೈ ಸುಡುತ್ತಾ? ಕಿತ್ತು ಹಳೇದನ್ನೇ ಹಾಕಿ. ಹಾಕಿದ ಮೇಲೆ ಔಟ್‌ಪುಟ್ಟಿನಲ್ಲಿ ಡಿಸಿ ಅಳೆಯಿರಿ, 20 ಮಿಲಿವೋಲ್ಟಿನೊಳಗೆ ಇರಲಿ, 50 ದಾಟಿದ್ರೆ ಹೆಡ್‌ಫೋನ್ ಸಿಕ್ಕಿಸ್ಲೇಬೇಡಿ.

ಪರೀಕ್ಷೆಗೆ ಹಾಕೋ ಹಾಡಂತೂ ದೇವರಿಗೇ ಪ್ರೀತಿ. ಯಾರದೋ ಮದುವೆಯಲ್ಲಿ ಫೋನಿನಲ್ಲಿ ಹಿಡಿದ ವಾಲಗದ ವಿಡಿಯೋ, ಹತ್ತು ಗ್ರೂಪ್ ಸುತ್ತಿ ಬಂದದ್ದು, ಅದನ್ನ ಹಾಕಿ "ಟ್ರೆಬಲ್ ಚುಚ್ಚುತ್ತೆ" ಅಂತ ಆಂಪಿಗೆ ಶಾಪ. ಚುಚ್ಚಿದ್ದು ಆ ಫೋನಿನ ಮೈಕು, ವಾಲಗದ ಜೋರಿಗೆ ಅವತ್ತೇ ಅದು ಹರಿದು ಹೋಗಿತ್ತು.

ನಿಜವಾಗಿಯೂ ಗೊತ್ತಾಗ್ಬೇಕಾ? ಎರಡು ಆಂಪಿಗೂ ಒಂದೇ ಕಡೆಯಿಂದ ಸಿಗ್ನಲ್ ಕೊಟ್ಟು, ಆರು ಕಾಲಿನ ಟಾಗಲ್ ಸ್ವಿಚ್ಚಿನಲ್ಲಿ ಎಡ ಬಲ ಎರಡೂ ಚಾನೆಲ್ ಒಂದು ಆಂಪಿಂದ ಇನ್ನೊಂದು ಆಂಪಿಗೆ ಬದಲಾಗೋ ಹಾಗೆ ವೈರ್ ಮಾಡಿ, ಗ್ರೌಂಡ್ ಒಂದೇ ಇರಲಿ. ಬ್ಯಾಲೆನ್ಸ್ಡ್ ಔಟ್‌ಪುಟ್ (ಎಡಕ್ಕೂ ಬಲಕ್ಕೂ ಬೇರೆ ಬೇರೆ ಮೈನಸ್ ತಂತಿ) ಇರೋ ಆಂಪಿಗೆ ಮಾತ್ರ ಈ ಕೆಲಸ ಬೇಡವೇ ಬೇಡ, ಮೈನಸ್ ತಂತಿಗಳೆರಡು ಸೇರಿದ್ರೆ ಔಟ್‌ಪುಟ್ಟೇ ಶಾರ್ಟ್. ವಾಲ್ಯೂಮ್ ಸಮ ಮಾಡಿ, ಮನೇಲಿ ಯಾರಾದ್ರೂ ಕಾಣದ ಹಾಗೆ ಕೂತು ನಾಣ್ಯ ಚಿಮ್ಮಿ ಸ್ವಿಚ್ ಹಾಕ್ಲಿ. 16 ಸಲ, ಪ್ರತಿ ಸಲ ಓಡ್ತಿರೋದು ಯಾವ ಆಂಪ್ ಅಂತ ನೀವು ಕೇಳಿ ಹೇಳ್ಬೇಕು. 12 ಸರಿ ಬಂದ್ರೆ ಏನೋ ಇದೆ, ಬರೀರಿ. 9 ಬಂದ್ರೆ ನಾಣ್ಯ ಚಿಮ್ಮಿದ್ದಷ್ಟೇ.

ಈಗ ಮಳೆಗಾಲ ಮುಗಿಯೋ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಮಾರೋ ಸುಗ್ಗಿ ಬೇರೆ: "ಒಂದು ಕಡೆ ಬರಲ್ಲ, ಆಂಪ್ ಹೋಗಿದೆ, ಅರ್ಧ ಬೆಲೆ." ಮೂರು ತಿಂಗಳ ಥಂಡಿಗೆ ಶೂ ಮೇಲೇ ಬೂಸ್ಟು ಹಿಡಿಯೋ ಊರಲ್ಲಿ ಜ್ಯಾಕಿನೊಳಗಿನ ಹಿತ್ತಾಳೆ ಹೊಳೀತಾ ಇರುತ್ತಾ? ವಾಲ್ಯೂಮ್ ತಿರುಗಿಸಿದ್ರೆ ಕರಕರ ಅಂದ್ರೆ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಟಿಕೆ ಪಾಟಿನ (ವಾಲ್ಯೂಮ್ ಗುಂಡಿಯ ಹಿಂದಿರೋ ಭಾಗದ) ಸಂದಿಗೆ ಬಿಟ್ಟು, ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಜ್ಯಾಕಿಗೂ ಅದೇ, ಪಿನ್ ಹಾಕಿ ತೆಗೆದು ಹಾಕಿ ತೆಗೆದು. ಗುಂಡಿ ತೀರಾ ಕೆಳಗಿದ್ದಾಗ ಮಾತ್ರ ಒಂದು ಕಿವಿಗೆ ಜಾಸ್ತಿ ಬರೋದು ಬೇರೆ ಕಾಯಿಲೆ, ಅದು ಪಾಟಿನ ಎರಡು ಪಟ್ಟಿ ಸಮ ಇಲ್ಲದ್ದು, ಕ್ಲೀನರಿಗೆ ಹೋಗಲ್ಲ. ಗೇನ್ ಇಳಿಸಿ, ಇಲ್ಲಾ ಫೋನಿನ ವಾಲ್ಯೂಮ್ ಇಳಿಸಿ, ಗುಂಡಿಯನ್ನ ನಡುವಿಗೆ ತಂದು ಕೇಳಿ.