ಸತ್ಯಾಂಶ: ಕಪ್ಪು ಮೈಬಣ್ಣದವರಿಗೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬರುವುದೇ ಇಲ್ಲವೇ?

"ಮೈಬಣ್ಣ ಕಪ್ಪಾಗಿದ್ದರೆ ಚರ್ಮದ ಕ್ಯಾನ್ಸರ್ ಬರೋದೇ ಇಲ್ಲ" ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅರ್ಧ ನಿಜ ಇರುವುದರಿಂದಲೇ ಜನ ನಂಬುತ್ತಾರೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ ಇದ್ದಷ್ಟೂ ಅತಿನೇರಳೆ ಕಿರಣಗಳಿಂದ ರಕ್ಷಣೆ ಹೆಚ್ಚು. ಹಾಗಾಗಿ ಅಪಾಯ ಕಡಿಮೆ. ಕಡಿಮೆ ಅಷ್ಟೇ, ಇಲ್ಲವೇ ಇಲ್ಲ ಅಂತಲ್ಲ. ಕಪ್ಪು ಮೈಬಣ್ಣದವರಲ್ಲಿ ಮೆಲನೋಮ ಹೆಚ್ಚಾಗಿ ಕಾಣಿಸುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಅಂಗಾಲನ್ನು ಯಾರು ತಿರುಗಿಸಿ ನೋಡುತ್ತಾರೆ, ಅಲ್ವಾ? ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಇದು ಪತ್ತೆಯಾಗಿದ್ದು ಕಾಲ್ಬೆರಳಿನ ಉಗುರಿನಡಿ. 1981ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಬರೀ 36.

ಇಂಥ ಜಾಗದಲ್ಲಿ ಬರುವ ಮೆಲನೋಮಕ್ಕೆ ಬಿಸಿಲು ಮುಖ್ಯ ಕಾರಣವಲ್ಲ. ಆದ್ದರಿಂದ ಸನ್‌ಸ್ಕ್ರೀನ್‌ಗಿಂತ ಕಣ್ಣಿಗೇ ಇಲ್ಲಿ ಕೆಲಸ ಜಾಸ್ತಿ. ಮಚ್ಚೆಯ ಅಂಚು ಸೊಟ್ಟಪಟ್ಟ ಇದೆಯೇ? ಒಂದರಲ್ಲೇ ಎರಡು ಮೂರು ಬಣ್ಣವೇ? 6 ಮಿಲಿಮೀಟರ್‌ಗಿಂತ ದೊಡ್ಡದೇ? ಎಲ್ಲಕ್ಕಿಂತ ಮುಖ್ಯವಾಗಿ, ಅದು ಬದಲಾಗುತ್ತಿದೆಯೇ? ಉಗುರಿನ ಮೇಲಿನ ಕಪ್ಪು ಗೆರೆ ಎಷ್ಟೋ ಸಲ ನಿರುಪದ್ರವಿ. ಆದರೆ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಮೈಯ ಉಳಿದ ಭಾಗಕ್ಕೆ ಹಳೆಯ ಬುದ್ಧಿಮಾತೇ ಸಾಕು: ನಡುಮಧ್ಯಾಹ್ನ ನೆರಳು, ಟೋಪಿ, ಮೈತುಂಬಾ ಬಟ್ಟೆ, ಸನ್‌ಸ್ಕ್ರೀನ್. ಚರ್ಮ ಕಂದಾಗಿಸುವ ಟ್ಯಾನಿಂಗ್ ಯಂತ್ರಗಳ ಹತ್ತಿರವಂತೂ ಸುಳಿಯಬೇಡಿ.