ಗೂಟದಾಚೆಯ ರಸ್ತೆ

ಮಹಾನಗರದ ಹೊರವಲಯದಲ್ಲಿ ಕಾರು ಬಾರದ ರಸ್ತೆಯೊಂದನ್ನು ಹುಡುಕಿಕೊಂಡು ಭಾನುವಾರ ಬೆಳಗ್ಗೆ ನಾನು ಹೊರಡುವುದು ಕಾರಿನಲ್ಲಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿ, ಉಳಿದ ಕಾರುಗಳ ನಡುವೆ ಮುಕ್ಕಾಲು ಗಂಟೆ ತೆವಳಿ, ಮೂರು ಕಬ್ಬಿಣದ ಗೂಟ ನೆಟ್ಟಿರುವ ಜಾಗ ತಲುಪಿ ಇಳಿದು, "ಸದ್ಯ, ಕಾರುಗಳ ಕಾಟ ತಪ್ಪಿತು" ಎಂದು ಉಸಿರುಬಿಡುತ್ತೇನೆ. ನನ್ನಂತೆಯೇ ಕಾಟ ತಪ್ಪಿಸಿಕೊಂಡು ಬಂದವರ ಹತ್ತಿಪ್ಪತ್ತು ಕಾರುಗಳು ಆಗಲೇ ಅಲ್ಲಿ ನೆರಳು ಹಿಡಿದು ನಿಂತಿರುತ್ತವೆ.

ಆ ಮೂರು ಗೂಟಗಳ ಬಗ್ಗೆ ನನಗೆ ಭಕ್ತಿಯೂ ಉಂಟು, ಭಯವೂ ಉಂಟು. ಕಾರು ನುಗ್ಗದಷ್ಟು ಕಿರಿದು, ಹ್ಯಾಂಡಲ್ ದಾಟುವಷ್ಟು ಅಗಲ, ಅಷ್ಟೇ ಸಂದು. ಒಂದು ರಸ್ತೆಯ ಜಾತಕವನ್ನೇ ಬದಲಿಸಲು ಅಷ್ಟು ಸಾಕು. ಆದರೆ ಸೈಕಲ್ ತುಳಿಯುವವರೆಲ್ಲರಿಗೂ ಗೊತ್ತು, ಕಣ್ಣು ಎಲ್ಲಿ ನಾಟುತ್ತದೋ ಗಾಲಿ ಅಲ್ಲಿಗೇ ಹೋಗುತ್ತದೆ. ಸಂದಿಯನ್ನು ನೋಡಿದವನು ಸಲೀಸಾಗಿ ಪಾರು. "ಗೂಟಕ್ಕೆ ಬಡಿಯಬಾರದು, ಬಡಿಯಬಾರದು" ಎಂದು ಗೂಟವನ್ನೇ ದಿಟ್ಟಿಸಿದವನು ನೇರ ಅದರ ಪಾದಕ್ಕೆ. ನಾನು ಎರಡು ಸಲ ಬಿದ್ದಿದ್ದೇನೆ, ಎರಡು ಸಲವೂ ನಡುವಿನ ಗೂಟಕ್ಕೆ. ಈಗ ಇಳಿದು ತಳ್ಳಿಕೊಂಡು ಹೋಗುತ್ತೇನೆ. ಯಾರಾದರೂ ನೋಡುತ್ತಿದ್ದರೆ ಟಯರಿನ ಗಾಳಿ ಪರೀಕ್ಷಿಸುತ್ತಿರುವವನಂತೆ ಬಗ್ಗುವುದೂ ಉಂಟು.

ಗೂಟ ದಾಟಿ ಐದು ನಿಮಿಷವಾದರೆ ಮೊದಲು ಬದಲಾಗುವುದು ಕಿವಿ. ಕಾರುಗಳ ನಡುವೆ ಸೈಕಲ್ ಹೊಡೆಯುವವನ ಕಿವಿ ಬೆನ್ನಿನಲ್ಲಿರುತ್ತದೆ. ಹಿಂದೆ ಬರುತ್ತಿರುವುದು ಲಾರಿಯೋ ಬಸ್ಸೋ, ಅದು ಎಷ್ಟು ದೂರದಲ್ಲಿದೆ, ನನ್ನನ್ನು ನೋಡಿದೆಯೋ ಇಲ್ಲವೋ ಎಂಬ ಲೆಕ್ಕದಲ್ಲೇ ಅರ್ಧ ಜೀವ ಸವೆಯುತ್ತದೆ. ಇಲ್ಲಿ ಆ ಲೆಕ್ಕ ನಿಂತು, ಕಿವಿ ಮೆಲ್ಲಗೆ ತನ್ನ ಜಾಗಕ್ಕೆ ಮರಳುತ್ತದೆ. ಮರಳಿದ ಮೇಲೆ ಹಕ್ಕಿಯ ಹಾಡು ಕೇಳುತ್ತದೆ ಎಂದು ಬರೆದರೆ ಚೆಂದ. ನಿಜ ಹೇಳಬೇಕೆಂದರೆ ಮೊದಲು ಕೇಳುವುದು ನಮ್ಮದೇ ಸೈಕಲ್ಲಿನ ದೂರುಗಳು. ಎಣ್ಣೆ ಕಾಣದ ಚೈನಿನ ಗೊಣಗು, ಪ್ರತಿ ಸುತ್ತಿಗೂ ಒಮ್ಮೆ "ಕಟಕ್" ಎನ್ನುವ ಎಡ ಪೆಡಲು, ಸಡಿಲಗೊಂಡ ಮಡ್ಗಾರ್ಡಿನ ಗಡಗಡ. ಊರೊಳಗೆ ಇವೆಲ್ಲ ಆರು ತಿಂಗಳಿಂದ ಗದ್ದಲದ ಮರೆಯಲ್ಲಿ ಬಚ್ಚಿಟ್ಟುಕೊಂಡಿದ್ದವು. ಆಮೇಲೆ ನನ್ನ ಏದುಸಿರು. ಹಕ್ಕಿಯ ಸರದಿ ಅದಾದ ಮೇಲೆ.

ಇಂಥ ರಸ್ತೆಗಳನ್ನು ಸೈಕಲ್ಲಿಗೆಂದೇ ಮಾಡಿಕೊಟ್ಟ ಪುಣ್ಯಾತ್ಮರು ಕಡಿಮೆ. ಹೆಚ್ಚಿನವು ಬೇರೆ ಯಾರೋ ಉಟ್ಟು ಬಿಟ್ಟ ಬಟ್ಟೆಗಳು. ದೊಡ್ಡ ನಗರಗಳ ಸುತ್ತ ಹುಡುಕಿದರೆ ಸಿಗುವುದು ಒಂದೋ ನೀರಿನ ದಾರಿ, ಇಲ್ಲವೇ ರೈಲಿನ ದಾರಿ, ಇಲ್ಲವೇ ಸತ್ತುಹೋದ ರಸ್ತೆ. ಹಳಿ ಕಿತ್ತ ರೈಲುದಾರಿಯ ಸುಖವೇ ಬೇರೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಜಾರುತ್ತದೆಂದು ಅದನ್ನು ಕಟ್ಟಿದವರು ನೂರು ಮೀಟರಿಗೆ ಒಂದೆರಡು ಮೀಟರಿಗಿಂತ ಹೆಚ್ಚು ಏರು ಬಾರದಂತೆ ಗುಡ್ಡ ಕಡಿದು, ಹಳ್ಳ ತುಂಬಿಸಿದ್ದರು. ಎಂದೋ ಓಡಿದ ಉಗಿಬಂಡಿಯ ಮಂಡಿನೋವಿಗೆ ಮಾಡಿದ ಆ ಪಥ್ಯದ ಫಲ ಇಂದು ನನ್ನ ಮಂಡಿಗೆ ಸಿಗುತ್ತಿದೆ. ಕಾಲುವೆಯ ದಂಡೆಯೂ ಹಾಗೆಯೇ. ದೋಣಿಗೆ ಹಗ್ಗ ಕಟ್ಟಿ ಎಳೆಯುವ ಕುದುರೆಗಳಿಗಾಗಿ ಮಾಡಿದ ದಾರಿ ಅದು. ನೀರು ಏರು ಹತ್ತುವುದಿಲ್ಲವಾದ್ದರಿಂದ ಕುದುರೆಯೂ ಹತ್ತಬೇಕಿರಲಿಲ್ಲ, ನಾನೂ ಹತ್ತಬೇಕಿಲ್ಲ. ಇಂಗ್ಲೆಂಡಿನ ಹಳೆಯ ಕಾಲುವೆ ಸೇತುವೆಗಳ ಮೂಲೆಗಳಲ್ಲಿ ಆ ಹಗ್ಗ ಉಜ್ಜಿ ಉಜ್ಜಿ ಕೊರೆದ ಗೀರುಗಳು ಈಗಲೂ ಇವೆ. ಪ್ಯಾರಿಸ್ಸಿನ ಸೈಕಲ್ಲಿನವರು ಊರ್ಕ್ ಕಾಲುವೆಯ ಗುಂಟ ಉಪನಗರಗಳನ್ನು ದಾಟಿ ಹೊಲಗಳವರೆಗೆ ಹೋಗುತ್ತಾರೆ. ನಗರಕ್ಕೆ ಕುಡಿಯುವ ನೀರು ತರಲೆಂದು 1802ರಲ್ಲಿ ನೆಪೋಲಿಯನ್ ಅದನ್ನು ತೋಡಲು ಅಪ್ಪಣೆ ಕೊಟ್ಟಾಗ ಸೈಕಲ್ಲೇ ಹುಟ್ಟಿರಲಿಲ್ಲ. ಟೋಕಿಯೊದವರಿಗೆ ತಾಮಾ ನದಿಯ ಏರಿ ಇದೆ. ಪ್ರವಾಹ ತಡೆಯಲು ಹಾಕಿದ ಮಣ್ಣಿನ ಏರಿ, ಅದರ ನೆತ್ತಿಯ ಮೇಲೆ ಸೈಕಲ್ಲುಗಳ ಸಾಲು.

ಸತ್ತ ರಸ್ತೆಗಳನ್ನು ಹುಡುಕುವುದಕ್ಕೆ ಸ್ವಲ್ಪ ಪತ್ತೇದಾರಿಕೆ ಬೇಕು. ಹೆದ್ದಾರಿಯನ್ನು ನೇರ ಮಾಡಿದಾಗ ಪಕ್ಕಕ್ಕೆ ಬಿದ್ದ ಹಳೆಯ ತಿರುವು, ಅಣೆಕಟ್ಟಿನ ನೌಕರರಷ್ಟೇ ಬಳಸುವ ದಾರಿ, ರಜೆಯ ದಿನದ ಕೈಗಾರಿಕಾ ಬಡಾವಣೆ. ರಾತ್ರಿ ಊಟವಾದ ಮೇಲೆ ಉಪಗ್ರಹದ ನಕ್ಷೆ ಹಿಗ್ಗಿಸಿ ಇಂಥವನ್ನು ಹುಡುಕುತ್ತ ಕೂರುವುದು ನನ್ನ ಚಟ. ಹಸಿರಿನ ನಡುವೆ ಸಂಶಯ ಬರುವಷ್ಟು ನೇರವಾದ ಗೆರೆ ಕಂಡರೆ ನಿದ್ದೆ ಹಾರಿಹೋಗುತ್ತದೆ. "ಮುಂದೆ ರಸ್ತೆ ಇಲ್ಲ" ಎಂಬ ಫಲಕವನ್ನು ಕಾರಿನವರು ಓದುವ ರೀತಿಯೇ ಬೇರೆ, ನಾವು ಓದುವ ರೀತಿಯೇ ಬೇರೆ. ನಮಗದು ಆಮಂತ್ರಣ ಪತ್ರಿಕೆ. ಹತ್ತರಲ್ಲಿ ಏಳು ಸಲ ಮುಂದೆ ನಿಜವಾಗಿಯೂ ರಸ್ತೆ ಇರುವುದಿಲ್ಲ, ಅದು ಬೇರೆ ಮಾತು.

ಸೈಕಲ್ಲಿಗೆ ಜಾಗದ ತಾಪತ್ರಯ ಹುಟ್ಟಿನಿಂದಲೇ ಬಂದದ್ದು. 1817ರ ಜೂನಿನಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಪೆಡಲಿಲ್ಲದ ತನ್ನ ಮರದ ಗಾಡಿಯನ್ನು ನೆಲಕ್ಕೆ ಕಾಲು ಒದೆಯುತ್ತ ಓಡಿಸಿ ತೋರಿಸಿದ್ದು ಮ್ಯಾನ್‌ಹೈಮ್ ಪಟ್ಟಣದಿಂದ ಹೊರಕ್ಕೆ ಹೋಗುವ ಒಳ್ಳೆಯ ರಸ್ತೆಯೊಂದರಲ್ಲಿ. ಲೋಕದ ಮೊದಲ ಸೈಕಲ್ ಸವಾರಿಯೂ ಊರ ಹೊರವಲಯಕ್ಕೇ ಹೋಯಿತು ನೋಡಿ. ಗಾಡಿಗಳ ಚಕ್ರ ಕೊರೆದ ಬೀದಿಗಳಲ್ಲಿ ಅದರ ಸಮತೋಲ ನಿಲ್ಲದೆ ಜನ ಕಾಲುದಾರಿ ಹತ್ತಿದರು. ಆ ವರ್ಷ ಮುಗಿಯುವ ಮೊದಲೇ ಮ್ಯಾನ್‌ಹೈಮ್‌ನಲ್ಲಿ ಕಾಲುದಾರಿಯ ಮೇಲೆ ಅದನ್ನು ಓಡಿಸಕೂಡದೆಂದು ನಿಷೇಧ ಬಂತು. ರಸ್ತೆಯಲ್ಲಿ ಹೋದರೆ ಗಾಡಿಯವರ ಬೈಗುಳ, ಪಕ್ಕದಲ್ಲಿ ಹೋದರೆ ನಡೆಯುವವರ ಬೈಗುಳ. ಅತ್ತ ದರಿ, ಇತ್ತ ಪುಲಿ.

ಇದಕ್ಕೆ ಕ್ಯಾಲಿಫೋರ್ನಿಯದ ಹೊರೇಸ್ ಡಾಬಿನ್ಸ್ ಒಂದು ಭರ್ಜರಿ ಉಪಾಯ ಹೂಡಿದ. ಪ್ಯಾಸಡೀನಾದಿಂದ ಲಾಸ್ ಏಂಜಲೀಸ್‌ವರೆಗೆ ನೆಲದ ಗೊಡವೆಯೇ ಬೇಡವೆಂದು ಮರದ ಕಂಬಗಳ ಮೇಲೆ ಎತ್ತರಿಸಿದ ಸೈಕಲ್ ಹಾದಿ, ಹೋಗಲು ಹತ್ತು ಸೆಂಟು ಸುಂಕ. 1900ರ ಜನವರಿ 1ರಂದು ಅದರ ಮೊದಲ ತುಂಡು ತೆರೆಯಿತು. ತುಂಡು ಎಂದರೆ ಸುಮಾರು ಎರಡು ಕಿಲೋಮೀಟರ್. ಉಳಿದದ್ದು ಕಟ್ಟಲೇ ಇಲ್ಲ, ಅಷ್ಟರಲ್ಲಿ ಸೈಕಲ್ಲಿನ ಹುಚ್ಚು ಇಳಿದಿತ್ತು. ಕಟ್ಟಿದ್ದನ್ನೂ ಬಿಚ್ಚಿದರು. ಅವನು ಹಾಕಿಕೊಂಡಿದ್ದ ಜಾಡಿನ ಒಂದಷ್ಟು ಭಾಗದಲ್ಲಿ 1940ರಲ್ಲಿ ರಸ್ತೆಯೊಂದು ತೆರೆಯಿತು, ಅರೋಯೊ ಸೆಕೊ ಪಾರ್ಕ್‌ವೇ. ಅಮೆರಿಕದ ಮೊದಮೊದಲ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಒಂದು, ಕಾರುಗಳಿಗೆಂದೇ ಕಟ್ಟಿದ್ದು. ಈ ಕತೆ ಓದಿದ ದಿನ ನಾನು ಕಾರನ್ನು ತೊಳೆಯಲಿಲ್ಲ.

ಕೊಲಂಬಿಯದ ರಾಜಧಾನಿ ಬೊಗೊಟಾದವರು ಜಾಣರು. 1974ರಿಂದ ಅವರು ಹೊಸ ಹಾದಿ ಕಟ್ಟುವ ಗೋಜಿಗೆ ಹೋಗದೆ, ಇದ್ದ ರಸ್ತೆಗಳಿಂದಲೇ ಕಾರುಗಳನ್ನು ಭಾನುವಾರ ಹೊರಗಟ್ಟುವುದನ್ನು ರೂಢಿ ಮಾಡಿಕೊಂಡರು. ಈಗ ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನೂರಿಪ್ಪತ್ತು ಕಿಲೋಮೀಟರಿಗೂ ಹೆಚ್ಚು ರಸ್ತೆ ಸೈಕಲ್ಲಿಗೆ, ನಡೆಯುವವರಿಗೆ, ಗಾಲಿ ಬೂಟಿನವರಿಗೆ. ಎರಡು ಗಂಟೆಗೆ ಕಾರುಗಳು ಮರಳಿ ನುಗ್ಗುವ ಆ ಮೊದಲ ಕ್ಷಣ ಹೇಗಿರುತ್ತದೋ ಒಮ್ಮೆ ನಿಂತು ನೋಡಬೇಕೆಂಬ ಆಸೆ ನನಗೆ.

ಇಷ್ಟೆಲ್ಲ ಕಾರುಗಳನ್ನು ಬೈದ ಮೇಲೆ ಕಳೆದ ತಿಂಗಳ ಸಂಗತಿ ಹೇಳಲೇಬೇಕು. ನದಿಯ ಏರಿಯ ಮೇಲೆ ಹೋಗುತ್ತಿದ್ದೆ. ಅಂದು ನಾನು ಬಹಳ ಗಟ್ಟಿಗನಾಗಿದ್ದೆ, ಉಸಿರು ಕಟ್ಟದೆ ಮೂವತ್ತರ ವೇಗ. ಏರಿಯ ಮೇಲೆ ಮರವಿಲ್ಲ, ಗೋಡೆಯಿಲ್ಲ, ಬೆನ್ನ ಹಿಂದಿನ ಗಾಳಿ ನನ್ನನ್ನು ತಳ್ಳುತ್ತಿದೆ ಎಂಬುದು ಅಂಥ ಹೊತ್ತಿನಲ್ಲಿ ತಲೆಗೆ ಹೊಳೆಯುವುದಿಲ್ಲ. ಮುಂದೆ ಮುದುಕರೊಬ್ಬರು ಕೈ ಹಿಂದೆ ಕಟ್ಟಿಕೊಂಡು ದಾರಿಯ ನಟ್ಟನಡುವೆ ನಡೆಯುತ್ತಿದ್ದರು. ಬೆಲ್ ಹೊಡೆದೆ. ಕೇಳಲಿಲ್ಲ. ಮತ್ತೆ ಹೊಡೆದೆ, ಈ ಸಲ ಬೆಲ್ಲಿಗೆ ಸಿಟ್ಟು ಸೇರಿತ್ತು. ಬ್ರೇಕು ಹಿಡಿಯುವಾಗ "ದಾರಿ ಏನು ಇವರಪ್ಪನದೇ" ಎಂಬ ಮಾತು ನಾಲಿಗೆಯ ತುದಿಗೇ ಬಂತು. ಇದೇ ಮಾತನ್ನು, ಇದೇ ರಾಗದಲ್ಲಿ, ಹಿಂದಿನ ದಿನವಷ್ಟೇ ಕಾರಿನವನೊಬ್ಬ ಕಿಟಕಿ ಇಳಿಸಿ ನನಗೆ ಅಂದಿದ್ದ. ಅವರು ಬೆಚ್ಚಿ ತಿರುಗಿ, ಹುಲ್ಲಿನ ಮೇಲೆ ಇಳಿದು ನಿಂತು, "ಹೋಗಪ್ಪಾ, ಹೋಗು. ನಿನಗೆ ಅವಸರ" ಎಂದರು. ನನಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆದರೂ ಅವಸರದವನಂತೆ ಹೋದೆ, ನಿಲ್ಲಲು ನಾಚಿಕೆಯಾಗಿ.

ಮರಳುವಾಗ ಗಾಳಿ ಎದುರಾಯಿತು. ಎದುರುಗಾಳಿಗೆ ಮೈಯೊಡ್ಡಿದವನ ಲೆಕ್ಕ ಬಲು ಕ್ರೂರ. ವೇಗ ಸ್ವಲ್ಪ ಹೆಚ್ಚಿಸಬೇಕೆಂದರೂ ಬಲ ಬಹಳ ಹೆಚ್ಚು ಬೇಕು. ಅತಿ ಸಣ್ಣ ಗೇರಿನಲ್ಲಿ, ತಲೆ ತಗ್ಗಿಸಿ, ನಡೆಯುವವರ ವೇಗಕ್ಕೆ ಇಳಿದೆ. ಅದೇ ಮುದುಕರು ಈಗ ಏರಿಯ ಅಂಚಿನಲ್ಲಿ ನಡೆಯುತ್ತಿದ್ದರು. ನಾವಿಬ್ಬರೂ ಸುಮಾರು ದೂರ ಜೊತೆಜೊತೆಗೇ ಸಾಗಿದೆವು, ಒಬ್ಬರ ಮುಖ ಒಬ್ಬರು ನೋಡದೆ. ನಾನು ಬೆಲ್ಲಿನಿಂದ ಬೆರಳು ದೂರ ಇಟ್ಟುಕೊಂಡಿದ್ದೆ. ಅವರು ನಗುತ್ತಿದ್ದರೆಂದು ಈಗಲೂ ನನ್ನ ಗುಮಾನಿ.

ಗೂಟದ ಹತ್ತಿರ ಇಳಿದು, ತಳ್ಳಿ, ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿದೆ. ವರ್ತುಲ ರಸ್ತೆಯಲ್ಲಿ ಎಂದಿನಂತೆ ವಾಹನಗಳು ಕಟ್ಟಿಕೊಂಡಿದ್ದವು. ನಿಂತಲ್ಲೇ ನಿಂತು ಕನ್ನಡಿಯಲ್ಲಿ ನೋಡಿದರೆ, ಹಿಂದೆ ತಲೆಕೆಳಗಾಗಿ ನೇತಾಡುತ್ತಿದ್ದ ಸೈಕಲ್ಲಿನ ಮುಂದಿನ ಗಾಲಿ ಗಾಳಿಗೆ ತಾನೇ ತಾನಾಗಿ ಮೆಲ್ಲಗೆ ತಿರುಗುತ್ತಿತ್ತು. ನನ್ನ ಹಿಂದಿನ ಕಾರಿನವನು ಹಾರ್ನ್ ಹೊಡೆದ.